ದಿಲ್‌ಮಾಯಾಳ ನಾಮಪತ್ರ

"ಮತದಾರರ ಪಟ್ಟಿಯಲ್ಲಿ ನಿಮ್ಮ ಕ್ರಮಸಂಖ್ಯೆ ಎಷ್ಟಮ್ಮ?" ಅಜ್ಜಂಪುರದ ತಾಲ್ಲೂಕು ಕಚೇರಿಯಲ್ಲಿ ಚುನಾವಣಾಧಿಕಾರಿ ವಿಶ್ವನಾಥ್ ನಾಮಪತ್ರದ ಖಾಲಿ ಜಾಗದ ಮೇಲೆ ಬೆರಳಿಟ್ಟು ಕೇಳಿದರು.

ದಿಲ್‌ಮಾಯಾ ಪಕ್ಕದಲ್ಲಿದ್ದ ಗಂಡನ ಮುಖ ನೋಡಿದಳು. ಅಂಥದ್ದೆಲ್ಲ ಸೋಮಶೇಖರಪ್ಪನ ಕೆಲಸ. ತಾಲ್ಲೂಕು ಪಂಚಾಯಿತಿಗೆ ಮೂರು ಸಲ ಗೆದ್ದ ಮನುಷ್ಯ. ಅವನ ಹೋಬಳಿಯಲ್ಲಿ ಸತ್ತವರ ಹೆಸರು ಕೂಡ ಪಟ್ಟಿಯಿಂದ ಸುಲಭಕ್ಕೆ ಹೋಗುತ್ತಿರಲಿಲ್ಲ. ಈ ಸಲ ಅಂತರಘಟ್ಟೆ ಕ್ಷೇತ್ರ ಮಹಿಳೆಗೆ ಮೀಸಲಾದದ್ದೇ ತಡ, "ನೀನೇ ನಿಂತ್ಕೋ. ದಿಲ್ಲಿಯಿಂದ ಆರ್ಡರ್ ಬಂತು, ನೀನೀಗ ಇಂಡಿಯಾದೋಳು. ಪಟ್ಟೀಲಿ ಹೆಸರೂ ಸೇರಿಸಿದೀನಿ" ಎಂದಿದ್ದ.

ಅದನ್ನು ಕೇಳಿದ ದಿನ ಅವಳು ಖುಷಿಗೆ ಅತ್ತಿದ್ದಳು. ನೇಪಾಳದಿಂದ ಅಣ್ಣನ ಜೊತೆ ತರೀಕೆರೆಗೆ ಬಂದು, ನರ್ಸಿಂಗ್ ಹೋಮೊಂದರಲ್ಲಿ ಆಯಾ ಆಗಿ, ಮಠದಲ್ಲಿ ಇವನ ಕೈಹಿಡಿದು ಇಪ್ಪತ್ತೆರಡು ವರ್ಷ. ಹಟ ಹಿಡಿದು ನರ್ಸ್ ತರಬೇತಿ ಮುಗಿಸಿದರೂ ಸರ್ಕಾರಿ ಕೆಲಸ ಸಿಗಲಿಲ್ಲ, ಪೌರತ್ವ ಇರಲಿಲ್ಲ. "ಅರ್ಜಿ ದಿಲ್ಲೀಲಿದೆ, ಬತ್ತದೆ ತಡಿ" ಎಂದು ಗಂಡ ಅಂದಾಗಲೆಲ್ಲ ನಂಬಿದಳು. ಪ್ರತಿ ಚುನಾವಣೆಯಲ್ಲೂ ಅವನಿಗಾಗಿ ಮನೆಮನೆ ಸುತ್ತಿ, ಮತದಾನದ ದಿನ ಮತಗಟ್ಟೆಯ ಗೇಟಿನ ಹೊರಗೆ ನಿಂತು, ಒಳಗೆ ಹೋದ ಹೆಂಗಸರ ಕೂಸುಗಳನ್ನು ಎತ್ತಿಕೊಂಡಿರುತ್ತಿದ್ದಳು. ಅವುಗಳಲ್ಲಿ ಎಷ್ಟೋ ಅವಳ ಕೈಯಲ್ಲೇ ಹುಟ್ಟಿದವು. ಕಳೆದ ಒಂದು ತಿಂಗಳು ಮಾತ್ರ ತನಗಾಗಿ ಓಟು ಕೇಳಿದ್ದಳು. ಗೆದ್ದರೆ ಅಂತರಘಟ್ಟೆಗೊಂದು ಹೆರಿಗೆ ವಾರ್ಡು ಮಾಡಿಸುತ್ತೇನೆ ಎಂದು ಮಾತು ಕೊಟ್ಟಿದ್ದಳು. ಪಾಪ, ಅದನ್ನವಳು ಚುನಾವಣೆಯ ಮಾತು ಅಂದುಕೊಂಡಿರಲಿಲ್ಲ.

ವಿಶ್ವನಾಥ್ ಕಂಪ್ಯೂಟರಿನಲ್ಲಿ ಹುಡುಕಿ ತಲೆಯಾಡಿಸಿದರು. "ಹೆಸರಿಲ್ಲಮ್ಮ. ಪೌರತ್ವದ ಪ್ರಮಾಣಪತ್ರ ತಂದಿದ್ರೆ ಕೊಡಿ, ನೋಡೋಣ."

"ಕೊಡ್ರೀ," ಎಂದಳು ಗಂಡನಿಗೆ.

ಸೋಮಶೇಖರಪ್ಪ ಹಿಂದಕ್ಕೆ ತಿರುಗಿದ. "ಕೋಮಲಾ, ನಿನ್ ಫಾರಂ ಕೊಡವ್ವ."

ಅವನ ತಮ್ಮನ ಹೆಂಡತಿ ಕೋಮಲಾ ಅಳುಕುತ್ತ ಮುಂದೆ ಬಂದಳು. ಅಭ್ಯರ್ಥಿಯ ನಾಮಪತ್ರ ಎಲ್ಲಾದರೂ ತಿರಸ್ಕಾರವಾದರೆ ಇರಲಿ ಎಂದು ಮನೆಯ ಇನ್ನೊಬ್ಬರ ಕೈಲೂ ಒಂದು ಹಾಕಿಸಿಡುವುದು ರಾಜಕೀಯದವರ ರೂಢಿ. ಹಾಗೆಂದೇ ದಿಲ್‌ಮಾಯಾ ಅವಳನ್ನು ಕರೆತಂದಿದ್ದಳು, ತನ್ನದೇ ಸೀರೆ ಉಡಿಸಿ. ಆದರೆ ಕೋಮಲಾಳ ಅರ್ಜಿಯಲ್ಲಿ ಒಂದು ಗೆರೆಯೂ ಖಾಲಿ ಇರಲಿಲ್ಲ. ಕ್ರಮಸಂಖ್ಯೆ, ಸೂಚಕರ ಸಹಿ, ನೋಟರಿಯ ಮೊಹರು ಎಲ್ಲ ಇತ್ತು. ಪಕ್ಷದ ಬಿ ಫಾರಂ ಕೂಡ ಅವಳ ಹೆಸರಿಗೇ ಇತ್ತು.

"ನಂಗೇನೂ ಗೊತ್ತಿಲ್ಲ ಕಣಕ್ಕ, ಸಹಿ ಹಾಕು ಅಂದ್ರು, ಹಾಕ್ದೆ," ಎಂದು ಕೋಮಲಾ ಕಣ್ಣು ತುಂಬಿಕೊಂಡಳು.

"ನಿಮ್ಗೆ ಮೊದ್ಲೇ ಗೊತ್ತಿತ್ತು," ಎಂದಳು ದಿಲ್‌ಮಾಯಾ ಗಂಡನಿಗೆ.

"ಮೆತ್ತಗೆ ಮಾತಾಡು. ಹೆಂಗಸ್ರು ನಿನ್ ಮುಖ ನೋಡಿ ಓಟ್ ಹಾಕ್ತಾರೆ ಕಣೇ, ಕೋಮಲಾನ ಯಾರು ಬಲ್ರು? ಗೆದ್ಮೇಲೆ ಅಧಿಕಾರ ಮನೇಲೇ ಇರ್ತದೆ."

"ದಿಲ್ಲೀಲಿರೋ ಅರ್ಜಿ?"

ಅವನು ದನಿ ತಗ್ಗಿಸಿದ. "ಅರ್ಜಿ ಹಾಕಿದ್ರೆ ಪೊಲೀಸ್ ಎನ್‌ಕ್ವೈರಿ, ಊರೆಲ್ಲ ಗುಲ್ಲು. ಎದುರು ಪಾರ್ಟಿಯೋರು ಸುಮ್ನಿರ್ತಿದ್ರಾ? ಪ್ರತಿ ಸಲಾನೂ ಈ ಎಲೆಕ್ಷನ್ ಮುಗೀಲಿ ಅಂದ್ಕೊಂಡೆ."

ಹೊರಗೆ ಅಂತರಘಟ್ಟೆಯಿಂದ ಬಂದ ಹೆಂಗಸರು ದಿಲ್‌ಮಾಯಾಳ ಹೆಸರು ಹೇಳಿ ಜೈಕಾರ ಕೂಗುತ್ತಿದ್ದರು. ಅವರಿಗೆ ಹೋಗಿ ಏನು ಹೇಳುವುದೆಂದು ಅವಳಿಗೆ ತೋಚಲಿಲ್ಲ.

ವಿಶ್ವನಾಥ್‌ಗೆ ಕರುಳು ಚುರುಕ್ಕೆಂದಿರಬೇಕು. "ಚುನಾವಣೆ ಹೋದ್ರೆ ಹೋಗ್ಲಿ ಬಿಡಿ. ಪೌರತ್ವಕ್ಕೆ ಈಗ್ಲೂ ಅರ್ಜಿ ಹಾಕ್ಬಹುದಮ್ಮ. ಇವರ ಹೆಂಡತಿ ಅನ್ನೋದಕ್ಕೆ ಮದುವೆಯ ನೋಂದಣಿ ಪತ್ರ ತನ್ನಿ, ನಾನೇ ಶುರು ಮಾಡಿಸಿ ಕೊಡ್ತೀನಿ."

ದಿಲ್‌ಮಾಯಾ ಗಂಡನ ಕಡೆ ತಿರುಗಿದಳು. ವರ್ಷಕ್ಕೆ ನೂರು ಜೋಡಿಗೆ ಸಾಮೂಹಿಕ ವಿವಾಹ ಮಾಡಿಸಿ, ಒಂದೊಂದನ್ನೂ ತಾನೇ ಮುಂದೆ ನಿಂತು ನೋಂದಣಿ ಮಾಡಿಸುವ ಸೋಮಶೇಖರಪ್ಪ, ಗೋಡೆಗೆ ಅಂಟಿಸಿದ್ದ ಮೀಸಲಾತಿ ಪಟ್ಟಿಯನ್ನು ಮೊದಲ ಸಾಲಿನಿಂದ ಓದತೊಡಗಿದ್ದ.