ತಾನೇ ನಿಂತ ಯಂತ್ರ

“ಬರೆದುಕೊಡಿ,” ಎಂದಳು ಅವಳು. “ಯಂತ್ರ ಕೆಟ್ಟಿತ್ತು ಅಂತ ಒಂದು ಸಾಲು. ನನಗಷ್ಟು ಸಾಕು.”

ಕಂಪನಿಯ ಮೆಕ್ಯಾನಿಕ್ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ. ಮೇಜಿನ ಮೇಲೆ ಅವಳ ಗಂಡನ ಯಂತ್ರವಿತ್ತು. ನಿದ್ದೆಯಲ್ಲಿ ಉಸಿರು ಕಟ್ಟುವವರ ಮೂಗಿಗೆ ಮಾಸ್ಕಿನ ಮೂಲಕ ಗಾಳಿ ಒತ್ತುವ ಪೆಟ್ಟಿಗೆ. ಅದನ್ನು ತನ್ನೆದುರೇ ಬಿಚ್ಚಿ ನೋಡುವಂತೆ ಕಂಪನಿಯನ್ನು ಒಪ್ಪಿಸಲು ಅವಳಿಗೆ ಏಳು ತಿಂಗಳು ಹಿಡಿದಿತ್ತು.

ಹಳೆಯ ಯಂತ್ರ ಚೆನ್ನಾಗಿಯೇ ಇತ್ತು. ಆ ಮಾದರಿಯಲ್ಲಿ ದೋಷವಿದೆಯೆಂದು ಕಂಪನಿಯೇ ವಾಪಸು ತರಿಸಿಕೊಂಡು, ಬದಲಿಗೆ ಯಾರೋ ಬಳಸಿ ಬಿಟ್ಟಿದ್ದ ಇದನ್ನು ಕೊಟ್ಟಿತ್ತು. ಮೊದಲ ರಾತ್ರಿಯೇ ಅದರ ಸದ್ದಿಗೆ ಅವಳು ದಿಂಬನ್ನು ಕಿವಿಗೆ ಒತ್ತಿಕೊಂಡು, “ಇದಕ್ಕಿಂತ ಹಿಟ್ಟಿನ ಗಿರಣಿಯವನನ್ನ ಕಟ್ಕೊಂಡಿದ್ರೆ ಚೆನ್ನಾಗಿತ್ತು. ರಾತ್ರಿಯಾದ್ರೂ ಬಾಗಿಲು ಹಾಕ್ತಿದ್ದ,” ಎಂದಿದ್ದಳು. ಅವನು ಮಾಸ್ಕಿನೊಳಗೇ ನಕ್ಕಿದ್ದ. ಅವಳು ಐದಕ್ಕೆ ಎದ್ದು ಔಷಧ ಕಾರ್ಖಾನೆಯ ಪ್ರಯೋಗಾಲಯಕ್ಕೆ ಓಡಬೇಕಾದವಳು. ಅಲ್ಲಿ ತೂಕ ಒಂದು ಮಿಲಿಗ್ರಾಂ ತಪ್ಪಿದರೂ ಕೆಲಸಕ್ಕೆ ಕುತ್ತು.

ಆಮೇಲೂ ಅವನು ಮಾಸ್ಕ್ ಹಾಕಿಕೊಂಡು ಮಲಗುವುದನ್ನು ನೋಡಿಯೇ ಅವಳು ಕಣ್ಣು ಮುಚ್ಚುತ್ತಿದ್ದಳು. ಏಳುವಾಗ ಯಂತ್ರ ನಿಂತಿರುತ್ತಿತ್ತು. “ತಾನೇ ನಿಂತುಹೋಯ್ತು ಕಣೆ. ಕಂಪನಿಗೆ ಫೋನ್ ಮಾಡಿದೀನಿ, ಬರ್ತಾರೆ,” ಎನ್ನುತ್ತಿದ್ದ. ಯಾರೂ ಬರಲಿಲ್ಲ. ಮೂರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಅವನ ಉಸಿರೂ ನಿಂತಿತ್ತು.

ಯಂತ್ರವನ್ನು ರಾತ್ರಿಗೆ ನಾಲ್ಕು ಗಂಟೆಯಂತೆ, ತಿಂಗಳಿಗೆ ಇಪ್ಪತ್ತೊಂದು ರಾತ್ರಿಯಾದರೂ ಬಳಸಬೇಕೆಂಬುದು ವಿಮೆಯವರ ನಿಯಮ. ಬಳಸಿಲ್ಲ, ರೋಗಿಯದೇ ನಿರ್ಲಕ್ಷ್ಯ, ವಿಮೆಯ ಹಣ ಸಿಗದು ಎಂದು ಪತ್ರ ಬಂತು. ನಿರ್ಲಕ್ಷ್ಯ! ಕೆಟ್ಟ ಯಂತ್ರ ಕೊಟ್ಟವರು ಕೈತೊಳೆದುಕೊಂಡಿದ್ದರು. ಅದನ್ನು ನಂಬಿ ಮಲಗಿದವನು ತಪ್ಪಿತಸ್ಥನಾಗಿದ್ದ.

“ನಿಮ್ಮ ಯಜಮಾನರಿಂದ ಒಂದೂ ದೂರು ಬಂದಿಲ್ಲ ಮೇಡಂ,” ಎಂದ ಮೆಕ್ಯಾನಿಕ್, ಕಡತ ತಿರುವಿ.

“ಬಂದಿದ್ದನ್ನೆಲ್ಲ ನುಂಗಿ ನೀರು ಕುಡಿದಿದ್ದೀರಿ!” ಜೊತೆಗೆ ಬಂದಿದ್ದ ಮೈದುನ ಕುರ್ಚಿ ಬಿಟ್ಟೆದ್ದ. “ನಮ್ಮಣ್ಣ ಸುಳ್ಳು ಹೇಳೋನಲ್ಲ. ಅತ್ತಿಗೆ, ನೀವೇ ಹೇಳಿ.”

“ನನ್ನ ಹತ್ರ ಒಂದೇ ಒಂದು ಸುಳ್ಳು ಹೇಳಿಲ್ಲ ಅವರು,” ಎಂದಳು ಅವಳು.

ಮೆಕ್ಯಾನಿಕ್ ಯಂತ್ರ ಚಾಲೂ ಮಾಡಿದ. ಕೋಣೆಯೆಲ್ಲ ಗುರ್ರೆಂದಿತು. ಮಾಸ್ಕಿಗೆ ಮಾಪಕ ಹಿಡಿದು ಗಾಳಿಯ ಒತ್ತಡ ಅಳೆದ. ಇನ್ನೊಮ್ಮೆ ಅಳೆದ.

“ಫ್ಯಾನ್ ಸವೆದಿದೆ, ಅದಕ್ಕೇ ಈ ಸದ್ದು. ಗಾಳಿ ಮಾತ್ರ ಸರಿಯಾಗೇ ಬರ್ತಿದೆ.”

“ಮತ್ತೆ ಯಾಕೆ ನಿಲ್ತಿತ್ತು?”

“ಅದನ್ನ ಇದೇ ಹೇಳುತ್ತೆ.” ಅವನು ಒಳಗಿನ ಮೆಮೊರಿ ಕಾರ್ಡ್ ತೆಗೆದು ಕಂಪ್ಯೂಟರಿಗೆ ಸಿಕ್ಕಿಸಿದ, ಪರದೆಯನ್ನು ಅವಳತ್ತ ತಿರುಗಿಸಿದ. “ಕರೆಂಟ್ ಹೋದ್ರೆ ಒಂದು ಗುರುತು, ಯಂತ್ರ ಕೈಕೊಟ್ರೆ ಒಂದು, ಬಟನ್ ಒತ್ತಿ ಆರಿಸಿದ್ರೆ ಒಂದು. ಇಲ್ನೋಡಿ. ಹತ್ತಕ್ಕೆ ಶುರು, ಹತ್ತೂವರೆಗೆ ಬಟನ್. ಮಾರನೇ ದಿನ ಹತ್ತೂ ಇಪ್ಪತ್ತಕ್ಕೆ ಬಟನ್. ಬಟನ್... ಬಟನ್...”

“ನೀವೇ ತಿದ್ದಿರ್ತೀರಿ,” ಎಂದ ಮೈದುನ. ದನಿಯಲ್ಲಿ ಮೊದಲಿನ ಬಿಸಿ ಇರಲಿಲ್ಲ.

“ಎರಡನೇ ತಿಂಗಳಲ್ಲಿ ಸತತ ಹನ್ನೊಂದು ರಾತ್ರಿ ಮಾತ್ರ ಬೆಳಗಿನ ತನಕ ಓಡಿದೆ. ಮೂರನೇ ತಾರೀಕಿಂದ ಹದಿಮೂರರ ತನಕ. ಒಂದ್ಸಲಾನೂ ನಿಂತಿಲ್ಲ.” ಮೆಕ್ಯಾನಿಕ್ ತಲೆಯೆತ್ತಿದ. “ಆಗ ಮನೇಲಿ ಏನಾದ್ರೂ ಬದಲಾವಣೆ ಆಗಿತ್ತಾ ಮೇಡಂ?”

ಆ ಹನ್ನೊಂದು ರಾತ್ರಿ ಅವಳು ಕಾರ್ಖಾನೆಯ ತರಬೇತಿಗೆಂದು ಬೇರೆ ಊರಿನಲ್ಲಿದ್ದಳು.