ಹುಳದ ಮನೆಯ ಘಾಟು

ಕಾಲೇಜಿನ ಲ್ಯಾಬಿನಲ್ಲಿ ಫಾರ್ಮಲಿನ್ ಬಾಟಲಿಯ ಮುಚ್ಚಳ ತೆಗೆದಾಗಲೆಲ್ಲ ನನ್ನ ಹುಡುಗರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಸಾತನೂರಿನಲ್ಲಿ ರೇಷ್ಮೆ ಸಾಕುತ್ತಿದ್ದ ನಮ್ಮ ಹುಳದ ಮನೆಯ ಮುಂದೆ ನಿಂತಂತಾಗುತ್ತದೆ.

ಹತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ವಿಜ್ಞಾನದ ಪುಸ್ತಕ ಹಿಡಿದು ಜಗಲಿಯಲ್ಲಿ ಕೂತಿದ್ದೆ. ಮಾರನೇ ದಿನ ಪರೀಕ್ಷೆ. ಈಥೇನ್, ಪ್ರೊಪೇನ್, ಬ್ಯೂಟೇನ್ ಎಂದು ಕಾರ್ಬನ್ ಎಣಿಸಿ ಹೆಸರಿಟ್ಟೂ ಇಟ್ಟೂ ತಲೆ ಭಾರವಾಗಿತ್ತು. ಅವ್ವ ಹಿಂದಿನ ದಿನ ಹುಳದ ಮನೆಗೆಲ್ಲ ಫಾರ್ಮಲಿನ್ ಔಷಧಿ ಹೊಡೆದು ಬಾಗಿಲು ಮುಚ್ಚಿದ್ದಳು. ಬೆಳಗಿನಿಂದ ಒಬ್ಬಳೇ ಬಿದಿರು ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒರಗಿಸಿದ್ದಳು. ಘಾಟು ಪೂರ್ತಿ ಹೋಗದೆ ರೇಷ್ಮೆಯ ಮರಿಹುಳ ತಂದರೆ ಅವು ಉಳಿಯುವುದಿಲ್ಲ.

"ಒಸಿ ಮೂಸ್ ನೋಡವ್ವ, ಇನ್ನೂ ಘಾಟು ಐತಾ?" ಎಂದಳು ಅವ್ವ. ಪ್ರತಿ ಸಲವೂ ನನ್ನನ್ನೇ ಕರೆಯುತ್ತಿದ್ದಳು.

"ನೀನೇ ಮೂಸು. ನಂಗೆ ಓದಾದೈತೆ," ಎಂದು ಸಿಡುಕಿದೆ. ಆಮೇಲೆ ಜಾಣತನ ತೋರಿಸಬೇಕೆನಿಸಿತು. "ನೀನು ಒಡ್ದಿರೋ ಔಷ್ದಿನೂ ಈ ಪಾಠದಾಗೈತೆ ಕಣವ್ವ. ಸಿಎಚ್‌ಒ ಗುಂಪಿದ್ರೆ ಅಲ್ಡಿಹೈಡು ಅಂತ ಗುರ್ತು ಇಡೀಬೇಕು."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಎಂಗೆ ಗುರ್ತು ಇಡಿಯೋದು, ವಾಸ್ನೇಲಾ?"

"ಇದು ಬಲೇ ಘಾಟು ಅಂತ ಮೇಷ್ಟ್ರು ಯೋಳವ್ರೆ."

"ದಿಟ ಕಣವ್ವ. ನೀನು ಕೂಸಾಗಿದ್ದಾಗ ನಂಗೂ ಅಂಗೇ ಮೂಗಿಗೆ ಒಡೀತಿತ್ತು. ಈಗ ಏನೂ ಗೊತ್ತಾಗಕ್ಕಿಲ್ಲ. ಒಗ್ಗರಣೆ ಸೀದ್ರೂ ಗೊತ್ತಾಗಕ್ಕಿಲ್ಲ."

ಪುಸ್ತಕ ಮಡಚಿಟ್ಟು ಹೋಗಿ, ಬಾಗಿಲು ಒಂದಿಷ್ಟು ಸರಿಸಿ ಮೂಗಿಟ್ಟೆ. ಗಂಟಲವರೆಗೆ ಘಾಟು ಹತ್ತಿತು.

"ಇನ್ನೂ ಐತೆ," ಅಂದೆ.

"ಅಂಗಾರೆ ಮರಿಹುಳ ನಾಳೀಕೆ ತರಾನ ಬುಡು," ಎಂದು ಅವ್ವ ಅಲ್ಲೇ ತಟ್ಟೆಗಳ ನೆರಳಿನಲ್ಲಿ ಒರಗಿ ಕಣ್ಣು ಮುಚ್ಚಿದಳು.