ಕಣ್ಣಿರುವವಳಿಗೊಂದು ಪರದೆ

ನಮ್ಮೂರಿನಲ್ಲಿ ಯಾರಿಗೂ ಕಣ್ಣು ಕಾಣದು. ಕಾಣುವ ಕಷ್ಟ ಬಂದದ್ದು ಮಂದಾಕಿನಿ ಒಬ್ಬಳಿಗೇ. ಅವಳ ಬೆರಳಿಗೆ ಚುಕ್ಕಿಲಿಪಿ ಹತ್ತಲೇ ಇಲ್ಲ, ಹಾಗಾಗಿ ದಾಖಲೆ ಕಚೇರಿಯ ಕೆಲಸ ಮೂರು ವರ್ಷವಾದರೂ ಕಾಯಂ ಆಗಲಿಲ್ಲ. ಕೊನೆಗೆ ಸಮಿತಿಯೊಂದು ಅವಳಿಗೆಂದೇ ಪರದೆಯಿರುವ ಕಂಪ್ಯೂಟರ್ ಮಾಡಿಸಿತು. ಹೊರಗಿನಿಂದ ಬಂದು ಅದರಲ್ಲಿ ಮೂಡಿದ ಪತ್ರ ಓದಿಬಿಟ್ಟರೆ ಕೆಲಸ ಗಟ್ಟಿ.

ಸಮಿತಿಯ ಐವರೂ ಪರದೆ ಸವರಿ, ನುಣ್ಣಗಿದೆ, ಬೆಚ್ಚಗಿದೆ ಎಂದು ಒಪ್ಪಿದರು.

“ಓದಮ್ಮ,” ಎಂದರು ಅಧ್ಯಕ್ಷೆ ಅನಸೂಯಮ್ಮ.

“ಅಕ್ಷರಾನೇ ಕಾಣ್ತಿಲ್ಲ ಮೇಡಂ. ಎಲ್ಲಾ ಬೆಳ್ಳಗಿದೆ.”

“ಇರ್ಲೇಬೇಕು. ಕಣ್ಣಿರೋರಿಗೆ ಬಿಳಿ ಹಿತ ಅಂತ ಕೇಳಿದ್ವಿ. ಪರದೆಗೂ ಬಿಳೀನೇ ಹಾಕ್ಸಿದೀವಿ, ಅಕ್ಷರಕ್ಕೂ ಬಿಳೀನೇ. ಒಂಚೂರೂ ಕಮ್ಮಿ ಮಾಡಿಲ್ಲ.”

“ಅಕ್ಷರ ಕಪ್ಪಗಿರ್ಬೇಕಿತ್ತು. ನನ್ನನ್ನ ಒಂದ್ಮಾತು ಕೇಳಬಾರದಿತ್ತಾ?”

“ಪಾಪ, ಮೊದ್ಲೇ ಕಣ್ಣಿರೋಳು, ನಿಂಗ್ಯಾಕೆ ತೊಂದ್ರೆ ಅಂತ ಸುಮ್ನಾದ್ವಿ ಕಣಮ್ಮ. ವಾಪಸ್ ಕಳ್ಸಿದ್ರೆ ಇನ್ನೂ ಮೂರು ವರ್ಷ. ಇನ್ನೊಂದ್ಸಲ ನೋಡು.”

ಮಂದಾಕಿನಿ ನೋಡಿದಳು. ಪರದೆಯ ಮೇಲೆ ಏನಿದೆಯೆಂದು ಇವರ ಬೆರಳಿಗೂ ತಿಳಿಯದೆಂಬುದು ಆಗ ಹೊಳೆಯಿತು. ಗಂಟಲು ಸರಿಮಾಡಿಕೊಂಡು ಓದಿದಳು: “ಮಾನ್ಯರೇ, ಇನ್ನು ಮುಂದೆ ಯಂತ್ರ ಮಾಡುವ ಮೊದಲು ಅದನ್ನು ಬಳಸುವವರನ್ನು ಕೇಳತಕ್ಕದ್ದು. ಅಕ್ಷರಗಳು ಕಪ್ಪಗಿರತಕ್ಕದ್ದು.”

ಐದು ಮುಖಗಳೂ ಅರಳಿದವು. ಅದನ್ನು ಕಂಡವಳು ಅವಳೊಬ್ಬಳೇ.

“ಎಷ್ಟು ಸಲೀಸಾಗಿ ಓದಿದ್ಲು ನೋಡಿ,” ಎಂದು ಅನಸೂಯಮ್ಮ ಕಾಯಂ ಆದೇಶಕ್ಕೆ ಮುದ್ರೆ ಒತ್ತಿದರು. “ಇನ್ನು ಕಪ್ಪು ಯಾಕೆ? ಇಡೀ ಜಿಲ್ಲೇಲಿ ಕಣ್ಣಿರೋರಿಗೆಲ್ಲ ಇಂಥದ್ದೇ ಮಾಡ್ಸೋಣ.”